ಬೆಳಗದ ಪರದೆಯ ಮುಂದೆ

ನಿಮ್ಮಲ್ಲಿ ಹಲವರ ಮನೆಗೆ ಹಳೆಯ ಕಂಪ್ಯೂಟರೊಂದು ಯಾವುದಾದರೂ ದಾರಿಯಿಂದ ಬಂದು ಸೇರಿರಬಹುದು. ಕಚೇರಿಯವರು ಬದಲಾಯಿಸಿದ್ದು, ನೆಂಟರು ಕೊಟ್ಟದ್ದು ಅಥವಾ ಅಂಗಡಿಯಲ್ಲಿ ಅಗ್ಗದ ಬೆಲೆಗೆ ದೊರೆತದ್ದು. ನಮ್ಮ ಮನೆಗೂ ಅಂಥದೊಂದು ಬಂದಿತು. ಅದು ಬಂದ ಸಂಜೆ ನನ್ನ ಬಾಯಿಂದ ಹೊರಟ ಮಾತೊಂದನ್ನು ನಾನು ಇಂದಿಗೂ ಮರೆತಿಲ್ಲ. ಅದನ್ನು ನಿಮ್ಮೆದುರು ಒಪ್ಪಿಕೊಳ್ಳುವ ಸಲುವಾಗಿಯೇ ಈ ಬರಹ.

ನಮ್ಮದು ಎಂ.ಕೆ. ಹುಬ್ಬಳ್ಳಿ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮೇಲೆ, ಮಲಪ್ರಭೆಯ ಒಡಲಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪದಿಂದ ಹೆಸರಾದ ಊರು. ನನ್ನ ಮಗಳು ಕಂಪ್ಯೂಟರ್ ವಿಷಯವನ್ನು ತೆಗೆದುಕೊಂಡು ಪದವಿ ಓದುತ್ತಿದ್ದಾಳೆ. ಓದುವುದು ಕಂಪ್ಯೂಟರ್, ಮನೆಯಲ್ಲಿರುವುದು ಮಾತ್ರ ಒಂದು ಮೊಬೈಲು. ಅಂಗೈಯಗಲದ ಆ ಗಾಜಿನ ಮೇಲೆ ಎಷ್ಟೆಂದು ಬರೆದಾಳು? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳನ್ನು ಇನ್ನು ಕಡಿಮೆ ಬೆಲೆಗೆ ಕೊಳ್ಳಬಹುದೆಂದು ಮಗಳೇ ಹೇಳಿದಳು. ಸ್ವಸಹಾಯ ಸಂಘದಲ್ಲಿ ನನ್ನ ಪತ್ನಿ ವಾರವಾರವೂ ಕೂಡಿಟ್ಟ ಹಣದಲ್ಲಿ ಏಳೂವರೆ ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ನಾವು ಬೆಳಗಾವಿಗೆ ಹೋದೆವು.

ಅಂಗಡಿಯ ತರುಣನು ಯಂತ್ರವನ್ನು ಚಾಲೂ ಮಾಡಿ ತೋರಿಸಿದನು. ಪರದೆ ಬೆಳಗಿತು, ಅಕ್ಷರಗಳು ಮೂಡಿದವು. ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ, ಪೆಟ್ಟಿಗೆಯನ್ನು ಬಸ್ಸಿನ ಹಿಂದಿನ ಆಸನದ ಕೆಳಗಿಟ್ಟು ಊರಿಗೆ ತಂದೆವು. ಸಂಜೆ ತಂತಿಗಳನ್ನು ಜೋಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆನು. ಮನೆಯ ಯಜಮಾನನೆಂಬ ಹಮ್ಮು ಎಂದರೂ ಸರಿಯೇ.

ಗುಂಡಿ ಒತ್ತಿದಾಗ ಒಳಗಿನ ಫ್ಯಾನು ತಿರುಗಿತು, ಮುಂಭಾಗದ ದೀಪ ಹೊತ್ತಿತು. ಪರದೆಯ ಮೇಲೆ ಮಾತ್ರ 'ನೋ ಸಿಗ್ನಲ್' ಎಂಬ ಎರಡು ಪದಗಳು ಕ್ಷಣಕಾಲ ತೇಲಿ, ಮತ್ತೆ ಕತ್ತಲಾಯಿತು. ಪೆಟ್ಟಿಗೆಯೊಳಗಿಂದ ಬೀಪ್ ಬೀಪ್ ಎಂಬ ಸದ್ದು ಬರುತ್ತಲೇ ಇತ್ತು. ನೋಡಲು ಬಂದಿದ್ದ ನೆರೆಮನೆಯ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಪತ್ನಿ ಏನೂ ಹೇಳಲಿಲ್ಲ. ಅವಳ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ನಾನು ಕೂಡಲೇ ಅಂಗಡಿಗೆ ಫೋನು ಮಾಡಿದೆನು. "ಸತ್ತ ಪೆಟಿಗಿ ಕೊಟ್ಟು ಕಳಿಸೀರಿ. ಬಡವರ ರೊಕ್ಕ ನಿಮಗ ದಕ್ಕಂಗಿಲ್ಲ ನೋಡ್ರಿ" ಎಂದೆನು. ಅವನು ಮೆಲ್ಲನೆ, "ಇಲ್ಲೆ ಚಾಲೂ ಮಾಡಿ ತೋರಿಸಿದ್ದೆನಲ್ರಿ ಸರ. ನಾಳೆ ತಗೊಂಡು ಬರ್ರಿ, ನೋಡೂಣು" ಎಂದನು. ನಾನು ಉತ್ತರ ಕೊಡದೆ ಫೋನನ್ನು ಇಟ್ಟುಬಿಟ್ಟೆನು.

ರಾತ್ರಿ ಊಟವಾದ ಮೇಲೆ ಮಗಳು ಪೆಟ್ಟಿಗೆಯ ಮುಂದೆ ಕುಳಿತಳು. "ಅಪ್ಪಾ, ಇದು ಸತ್ತಿಲ್ಲ. ಸತ್ತಿದ್ದರ ಸಪ್ಪಳ ಮಾಡತಿದ್ದಿಲ್ಲ" ಎಂದಳು. ಅವಳು ಆಗ ವಿವರಿಸಿದ್ದನ್ನು ಹೇಳುತ್ತೇನೆ, ಕೇಳಿ. ಕಂಪ್ಯೂಟರ್ ಚಾಲನೆಗೊಂಡ ಕೂಡಲೇ ನಮಗೆ ಮುಖ ತೋರಿಸುವುದಿಲ್ಲ. ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಸಂಸ್ಕಾರಕ ಸರಿಯಿದೆಯೇ, ಸ್ಮರಣೆ ಇದೆಯೇ, ಚಿತ್ರ ಮೂಡಿಸುವ ಭಾಗ ಇದೆಯೇ ಎಂದು ನೋಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಪವರ್ ಆನ್ ಸೆಲ್ಫ್ ಟೆಸ್ಟ್' ಎನ್ನುತ್ತಾರೆ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿಯೂ ಈ ಏರ್ಪಾಡಿತ್ತು. ಪರದೆ ಬೆಳಗುವುದಕ್ಕೂ ಮುಂಚೆಯೇ ದೋಷ ಕಂಡುಬಂದರೆ ಹೇಳುವ ಬಗೆ ಹೇಗೆ? ಅದಕ್ಕಾಗಿಯೇ ಆ ಬೀಪ್ ಸದ್ದು. ಸದ್ದುಗಳ ಎಣಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ನಮ್ಮ ಯಂತ್ರದ ಸದ್ದು, ಸ್ಮರಣೆಯ ಪಟ್ಟಿ ಸಿಗುತ್ತಿಲ್ಲವೆಂಬ ದೂರಾಗಿತ್ತು.

ಅವಳು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಳು. ಉಳಿದ ವಿದ್ಯುತ್ತು ಹೊರಟುಹೋಗಲೆಂದು ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದಳು. ಮೈಯಲ್ಲಿನ ಸ್ಥಿರವಿದ್ಯುತ್ತು ಒಳಗಿನ ಬಿಡಿಭಾಗಗಳಿಗೆ ತಾಗದಿರಲೆಂದು ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಮುಟ್ಟಿದಳು. ಒಳಗೆ ನೋಡಿದರೆ ರ‍್ಯಾಮ್ ಎಂಬ ಹಸಿರು ಪಟ್ಟಿಯ ಒಂದು ತುದಿ ಕೊಂಚ ಮೇಲೆದ್ದಿತ್ತು. ಬಸ್ಸಿನ ಕುಲುಕಾಟ ಮಾಡಿದ ಕೆಲಸವಿರಬೇಕು. ಅವಳು ಅದನ್ನು ಹೊರತೆಗೆದು, ಮಸುಕಾದ ಬಂಗಾರಬಣ್ಣದ ಅಂಚನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಎರಡೂ ಬದಿಯ ಹಿಡಿಕೆಗಳು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಳು.

ಮತ್ತೆ ಚಾಲೂ ಮಾಡಿದಾಗ ಬೀಪ್ ಸದ್ದು ನಿಂತಿತು. ಆದರೆ ಪರದೆ ಇನ್ನೂ ಕತ್ತಲು! ನಾನು, "ನೋಡಿದೆಯಾ?" ಎಂದೆನು. ನಾನು ಅಂದದ್ದೇ ನಿಜವಾಗಲೆಂಬ ಆಸೆ ಆ ದನಿಯಲ್ಲಿ ಇತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಒಂದೆರಡು ನಿಮಿಷ ಕಾದು ಕೀಲಿಮಣೆಯ 'ನಮ್ ಲಾಕ್' ಗುಂಡಿಯನ್ನು ಒತ್ತಿದಳು. ಅದರ ಪುಟ್ಟ ದೀಪ ಹೊತ್ತಿತು. ಮತ್ತೆ ಒತ್ತಿದಳು, ಆರಿತು. ಎಂದರೆ ಯಂತ್ರವು ನಮ್ಮ ಮಾತನ್ನು ಕೇಳುತ್ತಿದೆ, ಉತ್ತರವನ್ನೂ ಕೊಡುತ್ತಿದೆ. ಆ ಉತ್ತರ ಪರದೆಯನ್ನು ತಲುಪುತ್ತಿಲ್ಲ ಅಷ್ಟೇ.

ಅವಳು ದೀಪ ಹಿಡಿದು ಪೆಟ್ಟಿಗೆಯ ಹಿಂಬದಿಯನ್ನು ನೋಡಿದಳು. ಪರದೆಯ ತಂತಿಯನ್ನು ಚುಚ್ಚುವ ನೀಲಿ ಬಾಯಿಗಳು ಅಲ್ಲಿ ಎರಡಿದ್ದವು. ವಿಜಿಎ ಎಂಬ ಆ ಹದಿನೈದು ರಂಧ್ರಗಳ ಬಾಯಿ 1987ರಿಂದ ಬಳಕೆಯಲ್ಲಿರುವಂಥದು. ಮೇಲಿನದು ತಾಯಿಹಲಗೆಗೆ ಸೇರಿದ್ದು, ಕೆಳಗಿನದು ಯಾರೋ ನಂತರ ಕೂರಿಸಿದ ಗ್ರಾಫಿಕ್ಸ್ ಕಾರ್ಡಿಗೆ ಸೇರಿದ್ದು. ಇಂಥ ಕಾರ್ಡು ಇದ್ದಾಗ ಹಲವು ಯಂತ್ರಗಳು ಮೇಲಿನ ಬಾಯನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ತಂತಿ ಇದ್ದದ್ದು ಮೇಲಿನದರಲ್ಲಿ. ಚುಚ್ಚಿದವನು ನಾನು. ಅವಳು ಒಂದೂ ಮಾತಾಡದೆ ಅದನ್ನು ಬಿಚ್ಚಿ ಕೆಳಗಿನದಕ್ಕೆ ಜೋಡಿಸಿದಳು. ಪರದೆ ಬೆಳಗಿತು.

ಮನೆಯವರೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಆ ಬೆಳಕನ್ನು ನೇರವಾಗಿ ನೋಡಲಾಗಲಿಲ್ಲ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಫೋನು ಮಾಡಿ ನಡೆದುದನ್ನು ಹೇಳಿ ಕ್ಷಮೆ ಕೇಳಿದೆನು. ಅತ್ತಲಿಂದ ಸ್ವಲ್ಪ ಹೊತ್ತು ದನಿಯೇ ಬರಲಿಲ್ಲ. ಬಳಿಕ ಅವನು, "ಇರ್ಲಿ ಬಿಡ್ರಿ ಸರ. ರಾತ್ರಿ ನನಗ ನಿದ್ದಿ ಹತ್ತಲಿಲ್ರಿ. ನಿಮಗ ಬದಲಿ ಕೊಡಾಕ ಇನ್ನೊಂದು ತಯಾರ ಮಾಡಿ ಇಟ್ಟಿದ್ದೆ" ಎಂದನು. ನಾನು ಗೊರಕೆ ಹೊಡೆದು ಮಲಗಿದ್ದ ರಾತ್ರಿ, ತಪ್ಪು ಮಾಡದವನೊಬ್ಬನು ಎಚ್ಚರವಿದ್ದನು.

ಇಂಥ ಪರಿಸ್ಥಿತಿ ನಿಮಗೂ ಎದುರಾದೀತು. ಆಗ ಹೊರಗಿನಿಂದ ಒಳಗೆ, ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಿರಿ. ಪರದೆಗೆ ವಿದ್ಯುತ್ತು ಬರುತ್ತಿದೆಯೇ, ತಂತಿ ಸರಿಯಾದ ಬಾಯಿಯಲ್ಲಿದೆಯೇ ಎಂದು ಮೊದಲು ನೋಡಿರಿ. 'ನೋ ಸಿಗ್ನಲ್' ಎಂದು ಬರೆದು ತೋರಿಸುವ ಪರದೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ತನಗೆ ಏನೂ ತಲುಪುತ್ತಿಲ್ಲವೆಂದು ಅದು ಹೇಳುತ್ತಿದೆ. ಸದ್ದಿಗೆ ಕಿವಿಗೊಡಿರಿ, ಬಳಿಕ ರ‍್ಯಾಮನ್ನು ನೋಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ವಿದ್ಯುತ್ತನ್ನು ಒದಗಿಸುವ ಲೋಹದ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿರಿ. ತಂತಿ ಕಿತ್ತ ಮೇಲೆಯೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಆ ಯಂತ್ರದಲ್ಲಿ ಮಗಳು ಈಗ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಕೊಂಡಿದ್ದಾಳೆ. ಈ ಬರಹವನ್ನು ಕನ್ನಡದಲ್ಲಿ ಅಚ್ಚುಮಾಡಿದ್ದೂ ಅದರಲ್ಲಿಯೇ. ದಿನವೂ ಗುಂಡಿ ಒತ್ತಿದಾಗ ಪರದೆ ಕೆಲವು ಕ್ಷಣ ಕಪ್ಪಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಅದು ತನ್ನನ್ನು ತಾನು ನೋಡಿಕೊಳ್ಳುತ್ತಿರುತ್ತದೆಂದು ನನಗೆ ಗೊತ್ತು. ಪಾಪನಿವೇದನೆಗೆ ಮುನ್ನ ಆತ್ಮಪರಿಶೋಧನೆ ಮಾಡಿಕೊಳ್ಳಬೇಕೆಂದು ಬಾಲ್ಯದಿಂದಲೂ ಕಲಿತವನು ನಾನು. ಆದರೆ ಅಂದು ಸಂಜೆ ಫೋನನ್ನು ಕೈಗೆತ್ತಿಕೊಳ್ಳುವ ಮುನ್ನ ಅಷ್ಟು ಹೊತ್ತನ್ನೂ ನಾನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಓದುಗರೇ, ಇನ್ನೊಬ್ಬರ ಮೇಲೆ ದೂರು ಹೊರಿಸುವ ಮೊದಲು ನಮ್ಮ ಕಡೆಯ ತಂತಿಯ ತುದಿಯನ್ನು ಒಮ್ಮೆ ನೋಡೋಣ. ಮಾತು ಆಗಲೇ ಬಾಯಿಂದ ಹೊರಟುಹೋಗಿದ್ದರೆ, ಬೆಳಗಾದ ಕೂಡಲೇ ಫೋನು ಮಾಡೋಣ.