ಸ್ಕಾಪಾ ಫ್ಲೋ: ಕೊರೆಯುವ ಕಡಲಿಗೊಂದು ಕವಚ

ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿರುವ ಸ್ಕ್ರಾಬ್‌ಸ್ಟರ್ ಬಂದರನ್ನು ಬಿಟ್ಟ ಹಡಗು ಪೆಂಟ್ಲೆಂಡ್ ಜಲಸಂಧಿಯನ್ನು ದಾಟಿ, ಹಾಯ್ ದ್ವೀಪದ ಕೆಂಗಲ್ಲಿನ ಕಡಿದಾದ ಬಂಡೆಗಳ ಮಗ್ಗುಲಲ್ಲಿ ಸಾಗಿ, ಸುಮಾರು ಒಂದೂವರೆ ಗಂಟೆಯಲ್ಲಿ ಸ್ಟ್ರಾಮ್ನೆಸ್ ಎಂಬ ಪುಟ್ಟ ಊರನ್ನು ಮುಟ್ಟುತ್ತದೆ. ಚಪ್ಪಡಿ ಹಾಸಿದ ಇಕ್ಕಟ್ಟಾದ ಬೀದಿ. ಸಮುದ್ರದ ಕಡೆಯ ಮನೆಗಳ ಹಿತ್ತಿಲೇ ಕಲ್ಲುಕಟ್ಟೆಯಾಗಿ ನೀರಿಗಿಳಿದಿರುತ್ತದೆ. ಮರಗಳು ಅಪರೂಪ, ಗಾಳಿಗೆ ಬಿಡುವೆಂಬುದಿಲ್ಲ. ಇದು ಆರ್ಕ್ನಿ ದ್ವೀಪಸಮೂಹ. ಊರಿನ ಆಗ್ನೇಯಕ್ಕೆ, ದ್ವೀಪಗಳು ಕೈಕೈ ಹಿಡಿದು ಸುತ್ತುಗಟ್ಟಿದಂತಿರುವ ವಿಶಾಲ ಜಲರಾಶಿಯೇ ಸ್ಕಾಪಾ ಫ್ಲೋ.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ 74 ಯುದ್ಧನೌಕೆಗಳನ್ನು ಇಲ್ಲಿ ತಂದು ಕಾವಲಿಟ್ಟಿದ್ದರು. ಅವು ಶತ್ರುವಿನ ವಶವಾಗದಿರಲೆಂದು ಅವುಗಳ ದಳಪತಿ ಫಾನ್ ರಾಯ್ಟರ್ 1919ರ ಜೂನ್ 21ರಂದು ಎಲ್ಲವನ್ನೂ ಮುಳುಗಿಸಿಬಿಡುವಂತೆ ಆಜ್ಞೆಯಿತ್ತನು. ಸಂಜೆಯ ಹೊತ್ತಿಗೆ 52 ನೌಕೆಗಳು ತಳ ಸೇರಿದ್ದವು. ಮುಂದೆ ಹಳೆಯ ಕಬ್ಬಿಣದ ವ್ಯಾಪಾರಿಗಳು ಬಹುಪಾಲನ್ನು ಮೇಲೆತ್ತಿ ಮಾರಿದರು. ಉಳಿದಿರುವ ದೊಡ್ಡ ನೌಕೆಗಳು ಏಳು: ಮೂರು ಭಾರಿ ಸಮರನೌಕೆಗಳು, ನಾಲ್ಕು ಹಗುರ ಕ್ರೂಸರುಗಳು. ಅವನ್ನು ಕಾಣಲೆಂದೇ ದೂರದ ನಾಡುಗಳಿಂದ ಮುಳುಗುಗಾರರು ಸ್ಟ್ರಾಮ್ನೆಸ್ಸಿಗೆ ಬರುತ್ತಾರೆ.

ಬಂದವರನ್ನು ಮೊದಲು ಎದುರಿಸುವುದು ಚಳಿ. ಚಳಿಗಾಲದ ಕೊನೆಗೆ ಇಲ್ಲಿನ ನೀರಿನ ಉಷ್ಣತೆ ಸುಮಾರು 6–7 ಡಿಗ್ರಿ ಸೆಂಟಿಗ್ರೇಡು. ಬೇಸಿಗೆ ಮುಗಿಯುವ ಕಾಲದಲ್ಲಿಯೂ 13ರ ಆಸುಪಾಸು. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ, ಮೂರು ಮಿಲಿಮೀಟರಿನ ತೆಳು ಉಡುಪಿನಲ್ಲಿ ಹಾಯಾಗಿ ಈಜಿದವನಿಗೆ ಇದರ ಕಲ್ಪನೆಯೂ ಬರಲಾರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಮೈಯ ಶಾಖವನ್ನು ಸೆಳೆಯುತ್ತದೆ. ಮೊದಲು ಬೆರಳು ಮರಗಟ್ಟುತ್ತದೆ, ಬಳಿಕ ವಿವೇಚನೆ. ಆಳದಲ್ಲಿ ರಕ್ತಮಾಂಸಗಳಲ್ಲಿ ಕರಗಿದ ಸಾರಜನಕವು ಮೇಲೇರುವಾಗ ಮೆಲ್ಲಮೆಲ್ಲನೆ ಹೊರಹೋಗಬೇಕು. ದೇಹ ತಣ್ಣಗಾದರೆ ರಕ್ತಸಂಚಾರ ಕುಗ್ಗಿ ಆ ಕಾರ್ಯವೂ ಕುಂಠಿತವಾಗುತ್ತದೆ. ಆದುದರಿಂದ ಉಡುಪಿನ ಆಯ್ಕೆ ಇಲ್ಲಿ ಷೋಕಿಯ ಮಾತಲ್ಲ.

ರಬ್ಬರಿನ ವೆಟ್‌ಸೂಟನ್ನು ರೂಪಿಸಿದವನು ಹ್ಯೂ ಬ್ರಾಡ್ನರ್ ಎಂಬ ಅಮೆರಿಕದ ಭೌತವಿಜ್ಞಾನಿ. ಕಾಲ 1950ರ ದಶಕದ ಆರಂಭ. ಅವನು ಕಂಡುಕೊಂಡ ಮರ್ಮ ಸರಳವಾದುದು: ಮೈ ನೆನೆದರೆ ಚಿಂತೆಯಿಲ್ಲ, ಬೆಚ್ಚಗಿಡುವುದು ನಿಯೋಪ್ರೀನ್ ರಬ್ಬರಿನೊಳಗೆ ಸೆರೆಸಿಕ್ಕ ಅನಿಲದ ಸಣ್ಣ ಗುಳ್ಳೆಗಳು. ಒಳಹೊಕ್ಕ ನೀರು ಮಾತ್ರ ಅಲುಗದೆ ನಿಂತಿರಬೇಕು. ಹೀಗೆ ನಿಲ್ಲಿಸುವ ಕಲೆಯನ್ನು ಇನ್ನಷ್ಟು ಬಿಗಿಗೊಳಿಸಿದುದೇ ‘ಸೆಮಿ-ಡ್ರೈ’, ಅರ್ಥಾತ್ ಅರೆಒಣ ಉಡುಪು. ಹೆಸರು ಸ್ವಲ್ಪ ಮೋಸದ್ದೇ ಸರಿ. ತೊಟ್ಟವನ ಮೈ ಒದ್ದೆಯಾಗಿಯೇ ಆಗುತ್ತದೆ. ಆದರೆ ಮಣಿಕಟ್ಟು, ಕಣಕಾಲು, ಕುತ್ತಿಗೆಗಳಲ್ಲಿ ನುಣುಪು ರಬ್ಬರಿನ ಪಟ್ಟಿಗಳು ಚರ್ಮಕ್ಕೆ ಅಂಟಿಕೊಂಡು, ಒಮ್ಮೆ ಒಳಬಂದ ನೀರನ್ನು ಹೊರಬಿಡವು, ಹೊಸ ನೀರನ್ನು ಒಳಬಿಡವು.

ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ದಪ್ಪವೆಷ್ಟೆಂದು. ಏಳು ಮಿಲಿಮೀಟರು ಎಂದರೆ ಸಮಾಧಾನಗೊಳ್ಳುತ್ತಾರೆ. ಕೇಳಬೇಕಾದುದು ಅಳತೆಯನ್ನು. ಉಡುಪನ್ನು ತೊಟ್ಟು ಕುಕ್ಕರಗಾಲಿನಲ್ಲಿ ಕೂರಬೇಕು, ತೋಳುಗಳನ್ನು ಮೇಲೆತ್ತಬೇಕು, ಮುಂದಕ್ಕೆ ಬಾಗಬೇಕು. ಸೊಂಟದ ಹಿಂದಿನ ತಗ್ಗಿನಲ್ಲಿ, ಕಂಕುಳಲ್ಲಿ, ಮಂಡಿಯ ಹಿಂದೆ ಟೊಳ್ಳು ಉಳಿದರೆ ಆ ಉಡುಪನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಆ ಟೊಳ್ಳಿನೊಳಗೆ ಪ್ರತಿಯೊಂದು ಚಲನೆಗೂ ತಣ್ಣೀರು ಒರತೆಯಂತೆ ನುಗ್ಗುತ್ತದೆ. ಅತಿ ಬಿಗಿಯೂ ಕೇಡೇ. ಎದೆ ತುಂಬ ಉಸಿರೆಳೆಯಲಾಗಬೇಕು. ಕುತ್ತಿಗೆಯ ಪಟ್ಟಿ ರಕ್ತನಾಳಗಳನ್ನು ಒತ್ತಿದರೆ ತಲೆ ಸುತ್ತೀತು. ಹೊಲಿಗೆಯ ಸಂದುಗಳು ಅಂಟಿನಿಂದ ಕೂಡಿರಬೇಕು, ಸೂಜಿ ಆಚೆ ಬದಿಗೆ ತೂರಿರಬಾರದು. ಜಿಪ್ಪಿನ ಹಿಂದೆ ಮತ್ತೊಂದು ಮಡಿಕೆಯಿರಬೇಕು. ತಲೆಯನ್ನೂ ಕತ್ತನ್ನೂ ಮುಚ್ಚುವ, ನಮ್ಮ ಕೂಸುಗಳ ಕುಲಾವಿಯಂತಹ ಟೊಪ್ಪಿಗೆ, ದಪ್ಪ ಕೈಗವಸು, ಕಾಲಿಗೆ ರಬ್ಬರಿನ ಬೂಟು, ಇವಿಲ್ಲದೆ ಉಡುಪು ಅಪೂರ್ಣ. ಸರಿಯಾದ ಅಳತೆಯ ಸೂಟನ್ನು ತೊಡುವುದಕ್ಕೆ ಬಳೆಗಾರನ ತಾಳ್ಮೆ ಬೇಕು. ಸಲೀಸಾಗಿ ಜಾರಿಕೊಂಡು ಬಂದರೆ ಅದನ್ನು ಶಂಕಿಸಬೇಕು.

ರನ್ನನ ದುರ್ಯೋಧನನಿಗೆ ಈ ತೊಡಕುಗಳಾವುವೂ ಇರಲಿಲ್ಲ. ಮಂತ್ರಬಲದಿಂದ ಸರೋವರದ ತಳದಲ್ಲಿ ಅಡಗಿದ್ದ ಅವನಿಗೆ ಭೀಮನ ಗರ್ಜನೆ ಕೇಳಿದೊಡನೆ ನೀರಿನಲ್ಲಿಯೇ ಬೆವರೊಡೆಯಿತು. ಸ್ಕಾಪಾ ಫ್ಲೋದಲ್ಲಿ ಬೆವರುವುದು ದೋಣಿಯ ಮೇಲೆ, ಉಡುಪು ತೊಡುವಾಗ ಮಾತ್ರ.

ಇಷ್ಟೆಲ್ಲ ನೋಡಿ ಕೊಂಡರೂ ಆಳದ ಲೆಕ್ಕ ಬೇರೆ. ಹತ್ತು ಮೀಟರು ಇಳಿದರೆ ಒತ್ತಡ ಎರಡು ಪಟ್ಟು, ಮೂವತ್ತಕ್ಕೆ ನಾಲ್ಕು ಪಟ್ಟು. ರಬ್ಬರಿನ ಗುಳ್ಳೆಗಳು ಅದಕ್ಕೆ ತಕ್ಕಂತೆ ಕುಗ್ಗುತ್ತವೆ. ಬೆಚ್ಚನೆಯ ರಕ್ಷೆ ಹೆಚ್ಚಾಗಿ ಬೇಕಾದ ಸ್ಥಳದಲ್ಲಿಯೇ ಏಳು ಮಿಲಿಮೀಟರಿನ ಉಡುಪು ತೆಳ್ಳಗಾಗುತ್ತದೆ. ದಪ್ಪ ರಬ್ಬರು ತೇಲುವುದರಿಂದ ಮೇಲೆ ಕಟ್ಟಿಕೊಂಡ ಹೆಚ್ಚಿನ ಸೀಸ ತಳದಲ್ಲಿ ಹೊರೆಯಾಗುತ್ತದೆ. ಕ್ಯೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್‌ಹೆಲ್ಮ್ ಎಂಬ ಸಮರನೌಕೆಗಳು 40 ಮೀಟರಿನ ಆಸುಪಾಸಿನಲ್ಲಿ ಬೋರಲು ಬಿದ್ದಿವೆ. ಅಲ್ಲಿಗೆ ಹೋಗುವವರು ಒಳಗೆ ಉಣ್ಣೆ ತೊಟ್ಟು, ಗಾಳಿ ತುಂಬುವ ಡ್ರೈ ಸೂಟನ್ನು ಧರಿಸುವುದೇ ಉಚಿತ. ಇಲ್ಲಿಗೆ ಬರುವ ಬಹುಮಂದಿ ಧರಿಸುವುದೂ ಅದನ್ನೇ. ಅರೆಒಣ ಉಡುಪಿಗೆ ಒಪ್ಪುವುದು ಆಗಸ್ಟ್ ತಿಂಗಳ ಬೆಳಗು, ಕ್ಯೋಲ್ನ್‌ನಂತಹ ಕ್ರೂಸರಿನ ಮೇಲ್ಬದಿ, ಅರ್ಧ ಗಂಟೆಯೊಳಗಿನ ಮುಳುಗು.

ದಿನಕ್ಕೆ ಎರಡನೆಯ ಮುಳುಗು ಇನ್ನೂ ಕಠಿನ. ಮೇಲೆ ಬಂದವನ ಒದ್ದೆ ಉಡುಪಿನ ಮೇಲೆ ಆರ್ಕ್ನಿಯ ಗಾಳಿ ಬೀಸಿ, ನೀರಿನಲ್ಲಿ ಉಳಿದಿದ್ದ ಶಾಖವನ್ನೂ ಹೀರಿಕೊಳ್ಳುತ್ತದೆ. ಬಲ್ಲವರು ಹತ್ತಿದೊಡನೆ ಗಾಳಿ ತಡೆಯುವ ಮೇಲಂಗಿ ಹೊದ್ದು ಬಿಸಿ ಚಹಾ ಹಿಡಿದು ಕೂರುತ್ತಾರೆ. ಆ ಬಳಿಕ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡುತ್ತಾರೆ. ಮುಟ್ಟದಿದ್ದರೆ ಸೀಸದ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುವುದಿಲ್ಲ. ನೌಕೆ ಒಂದು ಶತಮಾನದಿಂದ ಅಲ್ಲಿಯೇ ಇದೆ, ನಾಳೆಯೂ ಇರುತ್ತದೆ ಎಂದು ದೋಣಿಯಲ್ಲಿಯೇ ಉಳಿಯುತ್ತಾರೆ.