ತಿರುವಯ್ಯಾರಿನಲ್ಲಿ ನಮಗೂ ಜಾಗವುಂಟು

ಸಂಗೀತದ ಗಂಧವಿರುವ ಮನೆಗಳಲ್ಲಿ ತಿರುವಯ್ಯಾರಿನ ಹೆಸರು ಕೇಳದವರಿಲ್ಲ. ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ, ಒಂದು ಕಣ್ಣನ್ನು ಒಲೆಯ ಮೇಲಿನ ಹಾಲಿನ ಕಡೆಗಿಟ್ಟು, ರೇಡಿಯೋದಲ್ಲೋ ಟಿ.ವಿ.ಯಲ್ಲೋ ಪಂಚರತ್ನ ಕೃತಿಗಳ ಗೋಷ್ಠಿಗಾನ ಕೇಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆದರೆ ಆ ಗೋಷ್ಠಿಯಲ್ಲಿ ನಾವೂ ಹೋಗಿ ಕೂತು ಹಾಡಬಹುದು, ಅದಕ್ಕೆ ಟಿಕೆಟ್ಟೂ ಇಲ್ಲ, ಯಾರ ಶಿಫಾರಸೂ ಬೇಡ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾನು ನಮ್ಮತ್ತೆಯವರನ್ನು ಕರೆದುಕೊಂಡು ಹೋಗಿಬಂದೆ. ನೀವೂ ಒಮ್ಮೆ ಹೋಗಿಬರಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾದ ಮೇಲೆ ತಂಜಾವೂರು. ಅಲ್ಲಿಂದ ಸುಮಾರು 13 ಕಿಲೋಮೀಟರು ಬಸ್ಸಿನ ದಾರಿ. ತಿರುವಯ್ಯಾರು ಎಂದರೆ ಐದು ನದಿಗಳ ಪುಣ್ಯಕ್ಷೇತ್ರ ಎಂದರ್ಥ. ಬಾಳೆತೋಟ, ಗದ್ದೆ ದಾಟಿ ಊರು ಸೇರಿದರೆ ಎದುರಿಗೆ ನಮ್ಮ ಕಾವೇರಿಯೇ! ಅದೇ ದಡದಲ್ಲಿ, 1847ರಲ್ಲಿ ಸಿದ್ಧಿ ಹೊಂದಿದ ತ್ಯಾಗರಾಜರ ಸಮಾಧಿ.

ಆ ಸಮಾಧಿಯ ಎದುರಿಗೆ ಕೈಮುಗಿದು ಕುಳಿತ ಒಬ್ಬ ಹೆಂಗಸಿನ ವಿಗ್ರಹವಿದೆ. ದರ್ಶನದ ಗಡಿಬಿಡಿಯಲ್ಲಿ ಅದನ್ನು ನೋಡದೆ ಬಂದುಬಿಡಬೇಡಿ. ಆಕೆ ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಮ್ಮ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿ, ಮದರಾಸಿನಲ್ಲಿ ದೊಡ್ಡ ಹೆಸರು ಮಾಡಿದ ಗಾಯಕಿ. ಸಮಾಧಿ ಪಾಳುಬಿದ್ದಿದೆ ಎಂದು ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ತಿಳಿದು ಆಕೆ ಸಂಕಟಪಟ್ಟರು. ಸಂಕಟಪಟ್ಟು ಸುಮ್ಮನಾಗಲಿಲ್ಲ. ಹಾಡಿ ಗಳಿಸಿದ ಹಣ ಹಾಕಿ ಜಾಗ ಕೊಂಡರು, 1921ರಲ್ಲಿ ಗುಡಿಯ ಕೆಲಸ ಆರಂಭಿಸಿದರು, 1926ರಲ್ಲಿ ಪ್ರತಿಷ್ಠೆ ಮಾಡಿಸಿದರು.

ಮುಂದಿನದನ್ನು ಕೇಳಿ. ಆ ಗುಡಿ ಕಟ್ಟಿಸಿದವರಿಗೇ ಅದರ ಮುಂದೆ ಕೂತು ಹಾಡುವ ಹಕ್ಕಿರಲಿಲ್ಲ! ಆರಾಧನೆ ನಡೆಸುತ್ತಿದ್ದ ಗಂಡಸರಲ್ಲೇ ಎರಡು ಪಂಗಡ. ಅವರು ತಮ್ಮತಮ್ಮಲ್ಲಿ ಎಷ್ಟೇ ಜಗಳವಾಡಿದರೂ ಹೆಂಗಸರಿಗೆ ಅಲ್ಲಿ ಕಛೇರಿಯಿರಲಿಲ್ಲ. ನಾಗರತ್ನಮ್ಮನವರು 1927ರಲ್ಲಿ ಹೆಂಗಸರದೇ ಒಂದು ಗುಂಪು ಕಟ್ಟಿ ಗುಡಿಯ ಹಿಂಭಾಗದಲ್ಲಿ ಆರಾಧನೆ ಶುರುಮಾಡಿದರು. ವರ್ಷ ವರ್ಷವೂ ಬಿಡದೆ ನಡೆಸಿದರು. 1940-41ರ ಹೊತ್ತಿಗೆ ಪಂಗಡಗಳೆಲ್ಲ ಒಂದಾದವು, ಹೆಂಗಸರೂ ಮುಂದೆ ಬಂದು ಹಾಡುವಂತಾಯಿತು. ನಾವು ಇಂದು ಕಾಣುವ ಗೋಷ್ಠಿಗಾನ ಶುರುವಾದದ್ದು ಆಗಲೇ. ಆಕೆ ತೀರಿಕೊಂಡದ್ದು 1952ರಲ್ಲಿ. ನಂಜನಗೂಡಿನ ಕಪಿಲೆಯ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಇಲ್ಲಿಗೇ ಹರಿದುಬರುತ್ತದಲ್ಲವೇ? ಈ ತಾಯಿಯೂ ಹಾಗೇ ಬಂದರು ಅನ್ನಿಸಿತು ನನಗೆ.

ನಮ್ಮತ್ತೆ ಮದುವೆಗೆ ಮುಂಚೆ ಆರು ವರ್ಷ ಪಾಠ ಹೇಳಿಸಿಕೊಂಡವರು. ಮದುವೆಯಾದ ಮೇಲೆ ಅವರ ಸಂಗೀತ ದೇವರ ಮನೆಯ ಹೊಸಿಲು ದಾಟಲಿಲ್ಲ. ಚಪ್ಪರದ ಅಂಚಿನಲ್ಲಿ ನಿಂತು, "ನಮ್ಮಂಥವರೂ ಅಲ್ಲಿ ಹೋಗಿ ಕೂತ್ಕೋಬಹುದೇನೇ?" ಎಂದು ಕೇಳಿದರು. ಅಲ್ಲೇ ಕೂತಿದ್ದ ತಮಿಳು ಹೆಂಗಸೊಬ್ಬರಿಗೆ ಭಾಷೆ ಅರ್ಥವಾಯಿತೋ ಮುಖ ಅರ್ಥವಾಯಿತೋ, ಸರಿದು ಜಾಗ ಮಾಡಿಕೊಟ್ಟರು. ನಾಟ, ಗೌಳ, ಆರಭಿ, ವರಾಳಿ, ಶ್ರೀ—ಐದೂ ರಾಗ ಮುಗಿಯುವವರೆಗೆ ನಮ್ಮತ್ತೆ ಮಂಡಿನೋವಿನ ಮಾತೆತ್ತಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಮೊದಲ ಸಲ ನಾಲ್ಕು ಜನರ ನಡುವೆ ಕೂತು ಹಾಡಿದ್ದು ಅಂದು.

ಅಷ್ಟು ಜನ ಸೇರುವ ಕಡೆ ಎಚ್ಚರವೂ ಬೇಕು. ಹೊರಡುವವರಿಗೆ ಕೆಲವು ಮಾತು:

ತಂಗಲು ತಂಜಾವೂರಿನಲ್ಲೇ ಮೊದಲೇ ಕೋಣೆ ಗೊತ್ತುಮಾಡಿಕೊಳ್ಳಿ. ಒಡವೆ ಮನೆಯಲ್ಲಿಡಿ. ಮಕ್ಕಳ ಜೇಬಿನಲ್ಲಿ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಚಪ್ಪರದೊಳಗೆ ಹೋಗುವ ಮೊದಲೇ ತೋರಿಸಿಡಿ. ವಯಸ್ಸಾದವರನ್ನು ನದಿಯ ಮೆಟ್ಟಿಲಿಗೆ ಕೈಹಿಡಿದೇ ಇಳಿಸಿ. ಗುಂಪಿನಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, 'ಪುಣ್ಯದ ದಿನ, ಹೋಗಲಿ ಬಿಡು' ಎಂದು ನುಂಗಿಕೊಳ್ಳಬೇಡಿ. ಕೂಗಿ ಹೇಳಿ, ಹತ್ತಿರದ ಪೊಲೀಸರಿಗೆ ತಿಳಿಸಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಬರುವಾಗ ಊರಿನ ಪ್ರಸಿದ್ಧ ಅಶೋಕ ಹಲ್ವ ತರಲು ಮರೆಯಬೇಡಿ. ಹೆಸರುಬೇಳೆಯದು, ತುಪ್ಪ ಧಾರಾಳ!

ಊರಿಗೆ ಬಂದ ಮೇಲೆ ನಮ್ಮ ಬಡಾವಣೆಯ ತ್ಯಾಗರಾಜ-ಪುರಂದರದಾಸರ ಆರಾಧನೆಯನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಇಸ್ತ್ರಿ ಮಾಡುವವರ ಮಗಳು ದೇವರನಾಮ ಬಲು ಚೆನ್ನಾಗಿ ಹಾಡುತ್ತಾಳೆ. ಅವಳು ಪ್ರತಿ ವರ್ಷ ಕೂರುತ್ತಿದ್ದದ್ದು ಚಪ್ಪಲಿ ಬಿಡುವ ಕಡೆ. ಹೋಗೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಹೇಳಿರಲಿಲ್ಲ. ಗೋಷ್ಠಿ ಮುಗಿಯುವುದು ರಾತ್ರಿ ಹತ್ತಕ್ಕೆ. ಹಿಂದಿನ ಬೀದಿಯಲ್ಲಿ ದೀಪವಿಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ಬರುತ್ತಲೇ ಇರಲಿಲ್ಲ.

ನಾವು ನಾಲ್ಕೈದು ಹೆಂಗಸರು ಸೇರಿ ಸಮಿತಿಯವರೊಡನೆ ಮಾತಾಡಿದೆವು. 'ಇಷ್ಟು ವರ್ಷ ಇಲ್ಲದ್ದು ಈಗೇಕಮ್ಮ?' ಎಂದರು. ಬಿಡಲಿಲ್ಲ ನಾವು. ಈಗ ಕಾರ್ಯಕ್ರಮ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಹಿಂದಿನ ಬೀದಿಗೆ ಎರಡು ದೀಪ ಕಟ್ಟಿಸಿದ್ದಾರೆ. ನೆಲದ ಮೇಲೆ ಕೂರಲಾಗದವರಿಗೆ ಮುಂದೆಯೇ ಒಂದು ಬದಿಗೆ ಕುರ್ಚಿ. ಶೌಚಾಲಯದ ಬೀಗದ ಕೈ ಹೆಂಗಸರ ಕೈಯಲ್ಲಿ. ಯಾರಿಗೆ ಏನು ತೊಂದರೆಯಾದರೂ ಹೇಳಿಕೊಳ್ಳಲು ಇಬ್ಬರು ಹೆಂಗಸರ ಹೆಸರನ್ನು ಬಾಗಿಲಲ್ಲೇ ಬರೆದು ಹಾಕುತ್ತಾರೆ. ದೂರು ಎಷ್ಟೇ ದೊಡ್ಡ ವಿದ್ವಾಂಸರ ಮೇಲಿರಲಿ, ಕೇಳಬೇಕು ಎಂಬುದೂ ನಮ್ಮ ನಿಯಮ. 2018ರಲ್ಲಿ ಇಂಥ ದೂರುಗಳು ಬಂದಾಗ ಮದರಾಸಿನ ಮ್ಯೂಸಿಕ್ ಅಕಾಡೆಮಿಯೇ ಕೆಲವು ಕಲಾವಿದರನ್ನು ಡಿಸೆಂಬರ್ ಕಛೇರಿಗಳಿಂದ ಕೈಬಿಟ್ಟಿತು. ಅಂಥ ದೊಡ್ಡ ಸಭೆಗೆ ಆದದ್ದು ನಮ್ಮ ಬಡಾವಣೆಗೆ ಆಗದೇ?

ಹಾಡುವವರ ಪಟ್ಟಿಯನ್ನು ಈಗ ಹದಿನೈದು ದಿನ ಮುಂಚೆ ಬಾಗಿಲಿಗೆ ಅಂಟಿಸುತ್ತಾರೆ. ಯಾರು ಬೇಕಾದರೂ ಹೆಸರು ಬರೆಯಬಹುದು. ಕಳೆದ ಸಲ ಮೂರನೆಯ ಹೆಸರು ಇಸ್ತ್ರಿಯವರ ಮಗಳದು, ಏಳನೆಯದು ನಮ್ಮತ್ತೆಯವರದು.

ನಿಮ್ಮ ಬೀದಿಯಲ್ಲೂ ಆರಾಧನೆಯೋ ರಾಮನವಮಿಯ ಸಂಗೀತವೋ ನಡೆಯುತ್ತಿರಬಹುದು. ಈ ಸಲ ಹೋದಾಗ ಚಪ್ಪಲಿ ಬಿಡುವ ಕಡೆ ಯಾರು ಕೂತಿದ್ದಾರೆ, ಬರಬೇಕಾದವರಲ್ಲಿ ಯಾರು ಬಂದಿಲ್ಲ ಎಂದು ಒಮ್ಮೆ ನೋಡಿ. ಅವರನ್ನು ಕರೆಯಲು ನೀವೇ ಎದ್ದು ಹೋಗಿ.