ಮುರಿದ ಕೊಂಬೆ, ಆತುರದ ಕೊಡಲಿ

ಕನ್ನಡದಲ್ಲಿ ಆಲಿಕಲ್ಲು ಎಂಬ ಮಾತಿದೆ, ಇಬ್ಬನಿ ಇದೆ, ಮಂಜು ಇದೆ, ಹಿಮ ಇದೆ. ಆದರೆ ಮಳೆಯಾಗಿಯೇ ಬಿದ್ದು, ಕೊಂಬೆಯನ್ನು ಮುಟ್ಟಿದ ಕೂಡಲೇ ಗಾಜಿನಂತೆ ಗಟ್ಟಿಯಾಗುವ ನೀರಿಗೆ ನಮ್ಮಲ್ಲಿ ಹೆಸರಿಲ್ಲ. ಇಲ್ಲದಿರುವುದು ಸಹಜವೇ. ಕಾಣದ ವಸ್ತುವಿಗೆ ಯಾರು ತಾನೇ ಹೆಸರಿಡುತ್ತಾರೆ? ಇಂಗ್ಲಿಷಿನಲ್ಲಿ ಅದಕ್ಕೆ ಐಸ್ ಸ್ಟಾರ್ಮ್ ಎನ್ನುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಜನ ಆ ಗಾಜಿನಂಥ ಲೇಪಕ್ಕೆ ‘ವೆರ್ಗ್ಲಾ’ ಎನ್ನುತ್ತಾರೆ.

ನಾನು ಅದರ ಹೆಸರು ಮೊದಲು ಕೇಳಿದ್ದು ಬಿ.ಎ. ತರಗತಿಯಲ್ಲಿ. ರಾಬರ್ಟ್ ಫ್ರಾಸ್ಟ್ 1915ರಲ್ಲಿ ಪ್ರಕಟಿಸಿದ ‘ಬರ್ಚಸ್’ ಎಂಬ ಪದ್ಯ ನಮಗೆ ಪಠ್ಯವಾಗಿತ್ತು. ಹಿಮದ ಭಾರಕ್ಕೆ ಬಾಗಿದ ಬರ್ಚ್ ಮರಗಳು ಮತ್ತೆ ನೆಟ್ಟಗಾಗದೆ ವರ್ಷಗಟ್ಟಲೆ ಹಾಗೆಯೇ ಉಳಿಯುವುದು ಅದರಲ್ಲಿ ಬರುತ್ತದೆ. ಆ ಮರವನ್ನಾಗಲಿ ಆ ಹಿಮವನ್ನಾಗಲಿ ನಮ್ಮ ಲೆಕ್ಚರರೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ಸಾಂಕೇತಿಕ ಅರ್ಥವನ್ನು ಎರಡು ಪುಟ ಬರೆದು ಎಲ್ಲರೂ ಪಾಸಾದೆವು. ಅದರ ನೇರ ಅರ್ಥ ನನ್ನ ಕಣ್ಣೆದುರಿಗೆ ಬರಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

2023ರ ಏಪ್ರಿಲ್ 5, ಬುಧವಾರ. ಮಗಳ ಮನೆಗೆಂದು ಚೆನ್ನೈಯಿಂದ ಮಾಂಟ್ರಿಯಲ್‌ಗೆ ಹೋಗಿ ಎರಡು ವಾರವಾಗಿತ್ತು. ಬೆಳಗಿನಿಂದ ಮಳೆ. ನಮ್ಮ ಮಲೆನಾಡಿನ ಮಳೆಯ ಮುಂದೆ ಅದು ಮಳೆಯೇ ಅಲ್ಲ ಎಂದು ನಾನು ನಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಾಚೆ ಎಲ್ಲವೂ ಹೊಳೆಯತೊಡಗಿತು. ತಂತಿ, ಬೇಲಿ, ಸೈಕಲ್ಲು, ಎಲೆಯಿಲ್ಲದ ಒಂದೊಂದು ಕಡ್ಡಿ, ಎಲ್ಲದರ ಮೇಲೂ ಗಾಜಿನ ಕವಚ. ನೋಡಲು ಬಲು ಸುಂದರ. ಆಮೇಲೆ ಸದ್ದು ಶುರುವಾಯಿತು. ಕಾಡಿಗೆ ಬೆಂಕಿ ಬಿದ್ದಾಗ ಬಿದಿರಿನ ಗಂಟುಗಳು ಸಿಡಿಯುತ್ತವಲ್ಲ, ಅದೇ ಸದ್ದು. ಒಂದೊಂದು ಸದ್ದಿಗೂ ಒಂದೊಂದು ಕೊಂಬೆ. ಸಂಜೆಯೊಳಗೆ ಕರೆಂಟ್ ಹೋಯಿತು. ಅಲ್ಲಿ ಒಲೆಯೂ ಕರೆಂಟಿನದೇ, ಮನೆ ಬೆಚ್ಚಗಿಡುವುದೂ ಕರೆಂಟೇ. ಊರಿನಿಂದ ಕೊಂಡೊಯ್ದಿದ್ದ ಅವಲಕ್ಕಿಯನ್ನು ಮೊಸರಿನಲ್ಲಿ ಕಲಸಿ ಮೋಂಬತ್ತಿ ಬೆಳಕಿನಲ್ಲಿ ತಿಂದೆವು. ಪ್ರಾಂತ್ಯದಲ್ಲಿ ಸುಮಾರು 11 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಗಿದೆ ಎಂದು ಮಗಳ ಫೋನಿನಲ್ಲಿ ಸುದ್ದಿ ಬಂತು.

ಇದು ಆಗುವುದು ಹೇಗೆ? ಮೇಲೆ ಬೆಚ್ಚಗಿನ ಗಾಳಿಯ ಪದರ ಇರುತ್ತದೆ. ನೆಲದ ಹತ್ತಿರ ಸೊನ್ನೆ ಡಿಗ್ರಿಗಿಂತ ತಣ್ಣಗಿನ ತೆಳುವಾದ ಇನ್ನೊಂದು ಪದರ. ಮೇಲಿನ ಪದರದಲ್ಲಿ ಹಿಮ ಕರಗಿ ಹನಿಯಾಗುತ್ತದೆ. ಕೆಳಗಿನ ಪದರದಲ್ಲಿ ಮತ್ತೆ ಹೆಪ್ಪುಗಟ್ಟಲು ಅದಕ್ಕೆ ಪುರಸೊತ್ತು ಸಿಗುವುದಿಲ್ಲ. ಸೊನ್ನೆಗಿಂತ ತಣ್ಣಗಿದ್ದರೂ ನೀರಾಗಿಯೇ ಬೀಳುತ್ತದೆ, ಏನನ್ನಾದರೂ ತಾಗಿದ ಕ್ಷಣ ಗಡ್ಡೆಯಾಗುತ್ತದೆ. ಹೀಗೆ ಕೂತ ಮಂಜುಗಡ್ಡೆಯಿಂದ ಕೊಂಬೆಯ ಭಾರ ಮೂವತ್ತು ಪಟ್ಟಿನವರೆಗೂ ಏರಬಹುದಂತೆ. ಚಂಡಮಾರುತ ಮರವನ್ನು ಬುಡಸಮೇತ ಕಿತ್ತು ಕೆಡವುತ್ತದೆ. ಇದು ಹಾಗಲ್ಲ, ನಿಂತ ಮರವನ್ನು ನಿಂತಲ್ಲೇ ತೋಳು ತೋಳಾಗಿ ಮುರಿಯುತ್ತದೆ.

ಮಗಳ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಸಿಲ್ವರ್ ಮೇಪಲ್ ಮರ. ಬೇಗ ಬೆಳೆಯುವ ಜಾತಿ, ಬೇಗ ಮುರಿಯುವ ಜಾತಿಯೂ ಹೌದು. ಮರುದಿನ ಬೆಳಕಾದಾಗ ಅದರ ಮೂರು ದೊಡ್ಡ ಕೊಂಬೆಗಳಲ್ಲಿ ಒಂದು ನೆಲದ ಮೇಲಿತ್ತು. ಪಕ್ಕದ ಮನೆಯ ಹುಡುಗ ಪೊರಕೆ ತಂದು ಉಳಿದ ಕೊಂಬೆಗಳ ಮಂಜನ್ನು ಬಡಿದು ಉದುರಿಸಲು ಹೊರಟ. ಮನೆಯ ಯಜಮಾನರು, ಎಪ್ಪತ್ತು ದಾಟಿದ ಹಿರಿಯರು, ಕೂಗಿ ತಡೆದರು. ಭಾರ ಹೊತ್ತು ಬಿಗಿದು ನಿಂತ ಕೊಂಬೆಗೆ ಪೆಟ್ಟು ಬಿದ್ದರೆ ಉಳಿಯುವುದೂ ಉಳಿಯುವುದಿಲ್ಲ, ಬಿಸಿಲು ಬಂದಾಗ ಅದೇ ಕರಗಿ ಬೀಳುತ್ತದೆ ಎಂದರು. ಹಾಗೆಯೇ ಆಯಿತು.

ಮುರಿದ ತುದಿಯೊಂದರಿಂದ ಮರದ ರಸ ಸೋರಿ ಕಡ್ಡಿಯಂತೆ ಹೆಪ್ಪುಗಟ್ಟಿತ್ತು. ‘ನೆಕ್ಕಿ ನೋಡಮ್ಮ’ ಎಂದು ಮಗಳು ಮುರಿದು ಕೊಟ್ಟಳು. ಇದೆಯೋ ಇಲ್ಲವೋ ಎಂಬಷ್ಟು ಸಿಹಿ. ಶುಗರ್ ಮೇಪಲ್ ಎಂಬ ಇದರ ಬಂಧುವಿನ ರಸವನ್ನೇ ಕುದಿಸಿ ಅವರು ಪಾಕ ಮಾಡುವುದು. ಸುಮಾರು 40 ಲೀಟರ್ ರಸ ಬತ್ತಿಸಿದರೆ ಒಂದು ಲೀಟರ್ ಪಾಕ. ನೋಡಲು ನಮ್ಮ ಶಿರಸಿಯ ಜೋನಿಬೆಲ್ಲದ ಹಾಗೆಯೇ, ಇನ್ನಷ್ಟು ತೆಳು. ಆ ಸಿಹಿ ಎಲ್ಲಿಂದ ಬಂತೆಂದರೆ, ಹಿಂದಿನ ಬೇಸಿಗೆಯಲ್ಲಿ ಎಲೆಗಳು ದುಡಿದು ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟ ಗಂಟು ಅದು. ಪೆಟ್ಟು ತಿಂದ ಮರ ಹೊಸ ಚಿಗುರು ತೆಗೆಯುವುದೂ ಅದೇ ಗಂಟಿನಿಂದ. ಆದ್ದರಿಂದಲೇ ಐಸ್ ಸ್ಟಾರ್ಮ್ ಆದ ಮೇಲೆ ಹೆಚ್ಚು ಮುರಿದ ಮರಗಳಿಂದ ರಸ ಇಳಿಸಬೇಡಿ, ಅವಕ್ಕೆ ವಿರಾಮ ಕೊಡಿ ಎಂದು ಬೆಳೆಗಾರರಿಗೆ ಹೇಳುತ್ತಾರೆ.

ಮನೆಯ ಯಜಮಾನರು ಗಾಬರಿಯಾಗದಿರಲು ಕಾರಣವಿತ್ತು. ಅವರು 1998ನ್ನು ನೋಡಿದವರು. ಆ ವರ್ಷ ಜನವರಿ 5ರಿಂದ ಐದಾರು ದಿನ ಬಿಟ್ಟು ಬಿಟ್ಟು ಇದೇ ಮಳೆ. ಮಾಂಟ್ರಿಯಲ್‌ನ ದಕ್ಷಿಣಕ್ಕೆ ಕೆಲವೆಡೆ 100 ಮಿಲಿಮೀಟರಿನಷ್ಟು ಸುರಿಯಿತು. ಉಕ್ಕಿನ ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಕೊರೆಯುವ ಚಳಿಯಲ್ಲಿ ಕೆಲವು ಮನೆಗಳಿಗೆ ತಿಂಗಳಾದರೂ ಕರೆಂಟ್ ಬರಲಿಲ್ಲ. ಕ್ವಿಬೆಕ್, ಒಂಟಾರಿಯೊ, ಗಡಿಯಾಚೆ ನ್ಯೂಯಾರ್ಕ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳವರೆಗೆ ಕಾಡಿಗೆ ಕಾಡೇ ತಲೆ ಮುರಿದುಕೊಂಡು ನಿಂತಿತು. ಮೇಪಲ್ ತೋಪುಗಳ ಕಥೆ ಮುಗಿಯಿತು ಎಂದು ಎಷ್ಟೋ ಜನ ಅಂದುಕೊಂಡರು. ಆದರೆ ತಡೆದು ಕಾದವರ ತೋಪುಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಸುಧಾರಿಸಿದವು. ‘ಈ ಮರಕ್ಕೂ ಆಗ ತಲೆ ಹೋಗಿತ್ತು’ ಎಂದು ಯಜಮಾನರು ಮೇಲೆ ಕೈ ತೋರಿಸಿದರು. ಕಾಂಡ ಒಂದೆಡೆ ಕೊಕ್ಕೆಯಂತೆ ತಿರುಗಿ ಮತ್ತೆ ಮೇಲೇರಿತ್ತು. ತುದಿ ಹೋದಾಗ ಪಕ್ಕದ ಕೊಂಬೆಯೇ ತುದಿಯ ಜಾಗಕ್ಕೆ ಬಂದಿತ್ತು.

ಮರಗಳ ತಜ್ಞನೊಬ್ಬ ಬಂದು ನೋಡಿದ. ಎಲೆ ಹೊರುವ ಕೊಂಬೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಹೋಗಿದ್ದರೆ ಮರ ಬದುಕುವ ಭರವಸೆ ಚೆನ್ನಾಗಿಯೇ ಇದೆ, ಮುಕ್ಕಾಲಿಗಿಂತ ಹೆಚ್ಚು ಹೋಗಿದ್ದರೆ ಕಷ್ಟ, ನಡುವಿನದಕ್ಕೆ ಕಾದು ನೋಡಬೇಕು, ಇದು ಅವನ ಲೆಕ್ಕ. ತೂಗುತ್ತಿದ್ದ ಎರಡು ಕೊಂಬೆಗಳನ್ನು ಇಳಿಸಿ, ಸೀಳಿದ ತುಂಡನ್ನು ಅಚ್ಚುಕಟ್ಟಾಗಿ ಕತ್ತರಿಸಿ ಹೊರಟ. ಗಾಯಕ್ಕೆ ಏನೂ ಬಳಿಯಲಿಲ್ಲ. ಔಷಧಿ ಹಚ್ಚುವುದಿಲ್ಲವೇ ಎಂದು ನಾನು ಕೇಳಿದೆ. ಬೇಡ, ಮರದ ಗಾಯ ನಮ್ಮ ಗಾಯದಂತಲ್ಲ ಎಂದ.

ಆಮೇಲೆ ಮಗಳು ಗ್ರಂಥಾಲಯದಿಂದ ಪುಸ್ತಕ ತಂದುಕೊಟ್ಟಾಗ ಅವನ ಮಾತು ಅರ್ಥವಾಯಿತು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಆಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿದರು. ನಮ್ಮ ಕೈ ಕೊಯ್ದರೆ ಹಳೆಯ ಚರ್ಮದ ಜಾಗದಲ್ಲಿ ಹೊಸ ಚರ್ಮ ಬರುತ್ತದೆ. ಮರಕ್ಕೆ ಹಾಗೆ ಮಾಡಲು ಬರುವುದಿಲ್ಲ. ಅದು ಪೆಟ್ಟಾದ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟುತ್ತದೆ. ಕೊಳೆ ಆ ಗೋಡೆ ದಾಟದಂತೆ ನೋಡಿಕೊಂಡು, ಹೊರಗೆ ಹೊಸ ಮರವನ್ನು ಬೆಳೆಸುತ್ತದೆ. 1998ರ ಗಾಯ ಆ ಮೇಪಲ್ಲಿನ ಒಳಗೆ ಈಗಲೂ ಹಾಗೆಯೇ ಇರುತ್ತದೆ, ಅದರ ಮೇಲೆ ಇಪ್ಪತ್ತೈದು ವರ್ಷದ ಬೆಳವಣಿಗೆ ಕೂತಿರುತ್ತದೆ, ಅಷ್ಟೆ. ಇನ್ನು ಚಿಗುರು ಬರುವುದು ತೊಗಟೆಯ ಕೆಳಗೆ ಮಲಗಿರುವ ಮೊಗ್ಗುಗಳಿಂದ. ಮೇಲೆ ಕೊಂಬೆಗಳು ಇರುವವರೆಗೂ ಅವು ಏಳುವುದಿಲ್ಲ. ಕೊಂಬೆ ಹೋಗಿ ಬೆಳಕು ಬಿದ್ದಾಗ ಏಳುತ್ತವೆ.

ಇದನ್ನು ಓದುತ್ತಾ ನನಗೆ ಶಿರಸಿಯ ಸೊಪ್ಪಿನ ಬೆಟ್ಟ ನೆನಪಾಯಿತು. ಅಡಿಕೆ ತೋಟ ಇರುವವರಿಗೆ ಪಕ್ಕದಲ್ಲಿ ಇಷ್ಟು ಬೆಟ್ಟ ಇರುತ್ತದೆ. ಪ್ರತಿ ವರ್ಷ ಅಲ್ಲಿಯ ಮರಗಳ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತಾರೆ. ಮರ ಹತ್ತಿದ ಆಳಿಗೆ ನಮ್ಮ ಅಪ್ಪಯ್ಯ ಕೆಳಗಿನಿಂದ ಕೂಗುತ್ತಿದ್ದದ್ದು ಒಂದೇ ಮಾತು: ‘ತುದಿ ಬಿಡು ಮಾರಾಯ!’ ತುದಿಯ ಸೊಪ್ಪು ಉಳಿದರೆ ಮರ ಮುಂದಿನ ವರ್ಷಕ್ಕೆ ಉಂಡು ಚಿಗುರುತ್ತದೆ, ಪೂರ್ತಿ ಬೋಳಿಸಿದರೆ ಸೊರಗುತ್ತದೆ. ಅಪ್ಪಯ್ಯ ಶೈಗೊ ಹೆಸರು ಕೇಳಿದವರಲ್ಲ. ಮಾಂಟ್ರಿಯಲ್ ತಜ್ಞನ ಲೆಕ್ಕ ಮಾತ್ರ ಅವರಿಗೆ ಗೊತ್ತಿತ್ತು.

ಚೆನ್ನೈಯಲ್ಲಿ ನಾವು ಈ ಲೆಕ್ಕವನ್ನು ಕಲಿಯಬೇಕಾದದ್ದು 2016ರ ಡಿಸೆಂಬರ್ 12ರಂದು. ಆ ದಿನ ವಾರ್ದಾ ಚಂಡಮಾರುತ ಬಂತು. ನಿಮ್ಮಲ್ಲಿ ಎಷ್ಟೋ ಜನ ಆಗ ಶಾಲೆಯಲ್ಲಿದ್ದಿರಿ, ರಜೆ ಸಿಕ್ಕಿದ್ದು ನೆನಪಿರಬಹುದು. ನಗರದಲ್ಲಿ ಸಾವಿರಾರು ಮರ ಬಿದ್ದವು. ನಮ್ಮ ಕಟ್ಟಡದ ಹಿಂದೆ ಎರಡು ಗುಲ್‌ಮೊಹರ್ ಮರಗಳಿದ್ದವು. ಒಂದು ಬುಡಮೇಲಾಯಿತು. ಮುಂದಿನ ಹೊಂಗೆಮರದ ಎರಡು ತೋಳುಗಳಲ್ಲಿ ಒಂದು ಸೀಳಿ ಗೇಟಿನ ಮೇಲೆ ಬಿತ್ತು. ತಮಿಳರ ಪುಂಗ ಮರವೇ ನಮ್ಮ ಹೊಂಗೆ. ಅವರ ಪಾಲು ನಮ್ಮಲ್ಲಿ ಹಾಲು ಆದಂತೆ ಇದೂ ಆಗಿದೆ.

ಎರಡೇ ದಿನದಲ್ಲಿ ಕಟ್ಟಡದವರ ಸಭೆ ಸೇರಿತು. ಇನ್ನೊಂದು ಗಾಳಿಗೆ ಉಳಿದರ್ಧವೂ ಕಾರುಗಳ ಮೇಲೆ ಬಿದ್ದರೆ ಯಾರು ಹೊಣೆ? ಪೂರ್ತಿ ತೆಗೆಸಿಬಿಡೋಣ ಎಂದು ಬಹುಮತ. ಅವರ ಭಯ ಸುಳ್ಳೆನ್ನುವಂತಿರಲಿಲ್ಲ. ಎಲ್ಲರೂ ಹಿಂದಿನ ಮರ ಬಿದ್ದದ್ದನ್ನು ನೋಡಿದ್ದರು. ಎದುರುಮನೆಯ ಮಾಮಿ ಮತ್ತು ನಾನು ಮಾತ್ರ ಬೇಡವೆಂದೆವು. ಬೇರು ಅಲುಗಿಲ್ಲ, ಬುಡದ ಮಣ್ಣು ಬಿರುಕು ಬಿಟ್ಟಿಲ್ಲ, ಪೊಂಗಲ್ ಹಬ್ಬದವರೆಗೆ ನೋಡೋಣ ಎಂದರು ಮಾಮಿ. ನಮ್ಮಿಬ್ಬರ ಮಾತು ನಡೆಯುತ್ತಿತ್ತೋ ಇಲ್ಲವೋ, ಮರವನ್ನು ಉಳಿಸಿದ್ದು ನೋಟು ರದ್ದತಿ. 500, 1000ದ ಹಳೆಯ ನೋಟುಗಳು ಹೋಗಿ ತಿಂಗಳಷ್ಟೇ ಆಗಿತ್ತು. ಮರ ಕಡಿಯುವವರಿಗೆ ನಗದೇ ಬೇಕು, ಏಟಿಎಂ ಮುಂದೆ ಸಾಲು. ಹಣ ಹೊಂದಿಸುವಷ್ಟರಲ್ಲಿ ಜನವರಿ ಬಂತು. ಪೊಂಗಲ್ ದಿನ ಮಾಮಿ ನನ್ನನ್ನು ಕರೆದು ತೋರಿಸಿದರು, ಮುರಿದ ಜಾಗದ ಕೆಳಗೆ ತಾಮ್ರದ ಬಣ್ಣದ ಚಿಗುರು. ಮತ್ತೆ ಯಾರೂ ಕೊಡಲಿಯ ಮಾತೆತ್ತಲಿಲ್ಲ.

ಹಿಂದಿನ ಇನ್ನೊಂದು ಗುಲ್‌ಮೊಹರ್‌ಗೆ ಈ ಭಾಗ್ಯ ಬರಲಿಲ್ಲ. ಬಿದ್ದ ಮರ ತೆರವು ಮಾಡಲು ಬಂದವರೇ ಮುನ್ನೆಚ್ಚರಿಕೆಯೆಂದು ನಿಂತ ಮರದ ಕೊಂಬೆಗಳನ್ನೆಲ್ಲ ಬೋಳಿಸಿ ಕಂಬ ಮಾಡಿ ಹೋದರು. ಅದೂ ಚಿಗುರಿತು. ಆದರೆ ಚಿಗುರು ಪೊರಕೆಯಂತೆ ಒಂದೇ ಕಡೆ ಗುಂಪಾಗಿ ಬಂತು. ಒಳಗಿನಿಂದ ಹುಟ್ಟಿದ ಕೊಂಬೆಗೆ ಇರುವ ಹಿಡಿತ ಇಂಥ ಹೊರಚಿಗುರಿಗೆ ಬಹಳ ಕಾಲ ಇರುವುದಿಲ್ಲ. ಕಡಿದ ಬಾಯಿಗಳೆಲ್ಲ ಕೊಳೆತವು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಗಾಳಿಗೆ ಆ ಕೊಂಬೆಗಳೇ ಮೊದಲು ಕಳಚಿ ಬಿದ್ದವು. ಅರ್ಧ ಮುರಿದ ಹೊಂಗೆ ಅಲುಗದೆ ನಿಂತಿತ್ತು. ಅಪಾಯ ತಪ್ಪಿಸಲೆಂದು ಮಾಡಿದ ಕೆಲಸವೇ ಅಪಾಯ ತಂದಿತ್ತು.

ಬೇರು, ಕೊಂಬೆ, ವಲಸೆ ಎಂದು ನಮ್ಮ ಸಂಘದ ಭಾಷಣಗಳಲ್ಲಿ ನೀವು ಸಾಕಷ್ಟು ಕೇಳಿದ್ದೀರಿ. ನಾನು ಆ ಹೋಲಿಕೆಗೆ ಕೈ ಹಾಕುವುದಿಲ್ಲ. ನಾನು ಹೇಳುವುದು ಮರದ ಮಾತನ್ನೇ. ಕೆಲವು ಮರಗಳನ್ನು ತೆಗೆಯಲೇಬೇಕು. ಬುಡ ವಾಲಿದ್ದರೆ, ಮಣ್ಣು ಎದ್ದಿದ್ದರೆ, ಕಾಂಡವೇ ನಡುವೆ ಸೀಳಿದ್ದರೆ ಅಲ್ಲಿ ಮಮಕಾರ ಕೂಡದು. ತಂತಿಯ ಮೇಲೆ ಒರಗಿದ ಕೊಂಬೆಯ ಹತ್ತಿರ ಹೋಗಲೇಬಾರದು, ಅದು ವಿದ್ಯುತ್ ಇಲಾಖೆಯವರ ಕೆಲಸ. ಆದರೆ ಎಲೆ ಉದುರಿ, ಕೊಂಬೆ ಮುರಿದು, ನೋಡಲು ಕುರೂಪವಾಯಿತೆಂಬ ಕಾರಣಕ್ಕೆ ಯಾವ ಮರವೂ ಸತ್ತಿರುವುದಿಲ್ಲ.

ನೀವು ಈಗ ಸ್ವಂತ ಮನೆ ಮಾಡುವ, ಕಟ್ಟಡದ ಸಭೆಗಳಲ್ಲಿ ಕೈ ಎತ್ತುವ ವಯಸ್ಸಿಗೆ ಬರುತ್ತಿದ್ದೀರಿ. ನಮ್ಮ ಕರಾವಳಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚಂಡಮಾರುತದ ಕಾಲ. ಸಭೆಯಲ್ಲಿ ಮರದ ಮಾತು ಬಂದಾಗ ಮೊದಲು ಬುಡ ನೋಡಿ, ಆಮೇಲೆ ತಲೆ ನೋಡಿ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ, ತೂಗುವುದನ್ನು ಮಾತ್ರ ಇಳಿಸಲು ಹೇಳಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳು ಇರುತ್ತದೆ, ಅದನ್ನು ಉಳಿಸಿ ಅದರಾಚೆ ಕತ್ತರಿಸಲಿ, ಗೋಡೆ ಕಟ್ಟುವ ಕೆಲಸ ಅಲ್ಲಿಂದಲೇ ನಡೆಯುವುದು. ಬಣ್ಣ, ಟಾರು ಬಳಿಯುವ ಖರ್ಚು ಬೇಡ. ಬೇಸಿಗೆಯಲ್ಲಿ ಬುಡಕ್ಕೆ ನೀರು ಹಾಕಿ. ಮೇಲೆ ಹತ್ತಿದವನಿಗೆ ತುದಿ ಬಿಡಲು ಕೆಳಗಿನಿಂದ ಒಬ್ಬರು ಕೂಗಿ ಹೇಳಬೇಕು. ತಮಿಳಿನಲ್ಲಾದರೂ ಸರಿ, ಹಿಂದಿಯಲ್ಲಾದರೂ ಸರಿ.